ಡೀಸೆಲ್ ಕಾರು ಯಾರಿಗೆ ಗಿಟ್ಟುತ್ತದೆ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಯಾರಾದರೂ ಕಾರು ತಗೊಳ್ಳುವ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ, "ಆವರೇಜ್ ಎಷ್ಟ್ ಕೊಡ್ತದ್ರಿ?" ಅದರ ಬೆನ್ನಿಗೇ ಸಲಹೆ: "ಡೀಸೆಲ್ ಗಾಡಿನೇ ತಗೋರಿ, ಛಲೋ ಇರ್ತದ."

ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕ ಹಳೆಯದು, ಅಷ್ಟೇ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದ್ದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. ಮೂವತ್ತು ರೂಪಾಯಿಗೂ ಮೀರಿದ ಅಂತರ! ಆಗ ಡೀಸೆಲ್ ಕಾರು ಕೊಂಡವರೆಲ್ಲ ಜಾಣರೇ. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟುಕೊಟ್ಟಿತು. ನಮ್ಮ ರಾಜ್ಯದಲ್ಲಿ 2024ರ ಜೂನ್‌ನಲ್ಲೊಮ್ಮೆ, 2025ರ ಏಪ್ರಿಲ್‌ನಲ್ಲೊಮ್ಮೆ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿತು. ಎರಡನೇ ಏರಿಕೆಯಾದಾಗ ಬೆಂಗಳೂರಿನಲ್ಲಿ ಡೀಸೆಲ್ 91, ಪೆಟ್ರೋಲ್ ಸುಮಾರು 103 ರೂಪಾಯಿ. ಅಂದರೆ ಅಂತರ ಹನ್ನೆರಡು ರೂಪಾಯಿ ಮಾತ್ರ. ನಮ್ಮ ಊರಿನ ಬಂಕಿನಲ್ಲಿ ದರ ಸ್ವಲ್ಪ ಆಚೀಚೆ ಇರುತ್ತದೆ, ಅಂತರ ಮಾತ್ರ ಹೆಚ್ಚುಕಡಿಮೆ ಇಷ್ಟೇ.

ಹಾಗಾದರೆ ಡೀಸೆಲ್ ಗಾಡಿ ಬೇಡವೇ? ಅವಸರ ಬೇಡ. ಅದು ಹೇಗೆ ಉಳಿಸುತ್ತದೆ, ಎಲ್ಲಿ ತಿನ್ನುತ್ತದೆ, ಮೊದಲು ನೋಡೋಣ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್, ಅಂದರೆ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿ, ಆ ಒತ್ತಡದ ಕಾವಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುವಂತೆ ಮಾಡುತ್ತಾರೆ. ಹೆಚ್ಚು ಒತ್ತಿದಷ್ಟೂ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಜೊತೆಗೆ ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲ್‌ಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಅಡಗಿರುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಹಾಗಾಗಿ ಆವರೇಜ್‌ನಲ್ಲಿ ಡೀಸೆಲ್ ಗೆಲ್ಲುವುದು ಖರೆ.

ಈಗ ರೂಪಾಯಿ ಲೆಕ್ಕ. ಕಂಪನಿ ಜಾಹೀರಾತಿನಲ್ಲಿ ಕೊಡುವ ಆವರೇಜ್‌ನಲ್ಲಿ ಕಾಲು ಭಾಗ ಕಳೆದುಬಿಡಿ. ಮಧ್ಯಮ ಗಾತ್ರದ ಪೆಟ್ರೋಲ್ ಎಸ್‌ಯುವಿ ನಮ್ಮ ರಸ್ತೆಯಲ್ಲಿ 14 ಕಿ.ಮೀ., ಅದೇ ಗಾಡಿಯ ಡೀಸೆಲ್ ಮಾದರಿ 19 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ಮೇಲಿನ ದರದಲ್ಲಿ ಪೆಟ್ರೋಲ್ ಗಾಡಿಗೆ ಕಿಲೋಮೀಟರಿಗೆ 7 ರೂಪಾಯಿ 36 ಪೈಸೆ, ಡೀಸೆಲ್‌ಗೆ 4 ರೂಪಾಯಿ 79 ಪೈಸೆ. ಉಳಿಯುವುದು ಎರಡೂವರೆ ರೂಪಾಯಿ ಚಿಲ್ಲರೆ.

ಬಹಳ ಮಂದಿ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಆದರೆ ಈ ಉಳಿತಾಯದಲ್ಲಿ ಪಾಲು ಕೇಳುವವರು ಇನ್ನೂ ಇದ್ದಾರೆ. ಡೀಸೆಲ್ ಎಂಜಿನ್‌ಗೆ ಆಯಿಲ್ ಹೆಚ್ಚು ಹಿಡಿಯುತ್ತದೆ, ಆಯಿಲ್ ದರವೂ ಹೆಚ್ಚು. ಡೀಸೆಲ್ ಫಿಲ್ಟರ್ ಆಗಾಗ ಬದಲಿಸಬೇಕು. 10,000 ಕಿ.ಮೀ.ಗೆ ಸರ್ವಿಸ್‌ನಲ್ಲಿ 4,000 ರೂಪಾಯಿ ಹೆಚ್ಚು ಹಿಡಿಯಿರಿ. ಮುಂದೆಂದೋ ಬರುವ ದೊಡ್ಡ ರಿಪೇರಿಗೆಂದು ಇನ್ನೊಂದು 3,000 ತೆಗೆದಿಡಿ. ಕಿಲೋಮೀಟರಿಗೆ 70 ಪೈಸೆ ಅಲ್ಲಿ ಹೋಯಿತು. ಕೈಯಲ್ಲಿ ಉಳಿಯುವುದು ಸುಮಾರು 1 ರೂಪಾಯಿ 85 ಪೈಸೆ.

ಇನ್ನು ಕೊಳ್ಳುವಾಗಿನ ಹೆಚ್ಚುವರಿ. ಒಂದೇ ಮಾದರಿಯ, ಒಂದೇ ದರ್ಜೆಯ ಡೀಸೆಲ್ ಗಾಡಿಗೆ ಶೋರೂಂ ಬೆಲೆ 1.30 ಲಕ್ಷ ಹೆಚ್ಚು ಎನ್ನಿ. ಎರಡೂ ಹತ್ತು ಲಕ್ಷ ದಾಟಿದ್ದರೆ ಕರ್ನಾಟಕದ ಆಜೀವ ತೆರಿಗೆ ಶೇ. 17, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಎಲ್ಲ ಸೇರಿ ಡೀಸೆಲ್‌ಗೆ 1.55 ಲಕ್ಷ ಹೆಚ್ಚು ಬೀಳುತ್ತದೆ. ಕಿಲೋಮೀಟರಿಗೆ 1.85ರಂತೆ ಇದು ವಾಪಸ್ ಬರಬೇಕಾದರೆ ಗಾಡಿ 84,000 ಕಿ.ಮೀ. ಓಡಬೇಕು. ಆ ಹೆಚ್ಚುವರಿ ಹಣವನ್ನೂ ಶೇ. 9ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿ ತಂದರೆ ಒಂದು ಲಕ್ಷ ಕಿ.ಮೀ. ದಾಟಬೇಕು.

ಒಂದು ಗುಂಡಿಯನ್ನು ಇಲ್ಲೇ ತೋರಿಸಿಬಿಡುತ್ತೇನೆ, ಶೋರೂಂನವರು ತಾವಾಗಿ ತೋರಿಸುವುದಿಲ್ಲ. ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ. 14, ಹತ್ತು ಲಕ್ಷ ದಾಟಿದರೆ ಇಪ್ಪತ್ತು ಲಕ್ಷದವರೆಗೆ ಶೇ. 17. ಈ ದರ ದಾಟಿದ ಮೊತ್ತಕ್ಕಷ್ಟೇ ಅಲ್ಲ, ಪೂರಾ ಬೆಲೆಗೆ ಬೀಳುತ್ತದೆ. ಪೆಟ್ರೋಲ್ ಗಾಡಿ 9.5 ಲಕ್ಷ, ಡೀಸೆಲ್ 10.8 ಲಕ್ಷ ಎಂದಾದರೆ ತೆರಿಗೆಯಲ್ಲೇ 56,000 ರೂಪಾಯಿ ವ್ಯತ್ಯಾಸ. ಆಗ ಡೀಸೆಲ್‌ಗೆ ಒಟ್ಟು ಹೆಚ್ಚುವರಿ 1.86 ಲಕ್ಷ. ಹತ್ತು ಲಕ್ಷದ ಗೆರೆಯ ಆಸುಪಾಸಿನ ಗಾಡಿ ನೋಡುತ್ತಿದ್ದರೆ ಎರಡಕ್ಕೂ ಆನ್-ರೋಡ್ ಬೆಲೆ, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿದ ಬೆಲೆ, ಬರೆಸಿಕೊಂಡೇ ಹೋಲಿಸಿ. ಜಿಎಸ್‌ಟಿಯಲ್ಲಿ ಮಾತ್ರ ಈಗ ಆ ತೊಡಕಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ, 1,200 ಸಿಸಿವರೆಗಿನ ಪೆಟ್ರೋಲ್ ಇರಲಿ, 1,500 ಸಿಸಿವರೆಗಿನ ಡೀಸೆಲ್ ಇರಲಿ, ಶೇ. 18 ಒಂದೇ ದರ.

ಹಾಗಾದರೆ ನಿಮ್ಮ ಗಾಡಿ ತಿಂಗಳಿಗೆ ಎಷ್ಟು ಓಡುತ್ತದೆ? ಇದಕ್ಕೆ ಬಹುತೇಕರು ಅಂದಾಜಿನಲ್ಲಿ ಉತ್ತರಿಸುತ್ತಾರೆ, ಅದೂ ತಿರುಪತಿ, ಶಿರಡಿ, ಪಂಢರಪುರ ಎಲ್ಲ ಸೇರಿಸಿ. ಯಾತ್ರೆ ವರ್ಷಕ್ಕೊಮ್ಮೆ. ಈಗಿರುವ ಗಾಡಿಯ ಎರಡು ಸರ್ವಿಸ್ ಬಿಲ್ ತೆಗೆಯಿರಿ. ಅವುಗಳಲ್ಲಿ ಕಿಲೋಮೀಟರೂ ತಾರೀಕೂ ಇರುತ್ತವೆ. ಅದೇ ನಿಮ್ಮ ನಿಜವಾದ ಓಟ. ಇನ್ನೊಂದು ಮಾತು: ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ನಾಲ್ಕಕ್ಕೂ ರೈಲಿದೆ. ದಿನಾ ಅಪ್-ಡೌನ್ ಮಾಡುವವರಲ್ಲಿ ಎಷ್ಟೋ ಮಂದಿ ರೈಲು ಹಿಡಿಯುತ್ತಾರೆ, ಕಾರು ಅಂಗಳದಲ್ಲಿ ನಿಂತಿರುತ್ತದೆ. ಆ ಕಿಲೋಮೀಟರ್ ಲೆಕ್ಕಕ್ಕೆ ಬರುವುದಿಲ್ಲ. ಚಿಂಚೋಳಿಗೆ ರೈಲಿಲ್ಲ. ಕಲಬುರಗಿಗೆ ಹೋಗಲಿ, ಬೀದರಿಗೆ ಹೋಗಲಿ, ಹೈದರಾಬಾದಿನ ಆಸ್ಪತ್ರೆಗೆ ಹೋಗಲಿ, ರಸ್ತೆಯೇ ಗತಿ. ಅಲ್ಲಿನವರ ಗಾಡಿ ತಾನಾಗಿ ಹೆಚ್ಚು ಓಡುತ್ತದೆ, ಅದೂ ಒಮ್ಮೆ ಹೊರಟರೆ ದೂರ ಓಡುತ್ತದೆ.

ಕಲಬುರಗಿಯಿಂದ ಸೇಡಂಗೆ ಕಾರಿನಲ್ಲೇ ಬಂದು ಹೋಗುವ ಶಿಕ್ಷಕರಿಗೆ ದಿನಕ್ಕೆ ನೂರು ಕಿ.ಮೀ. ಗ್ಯಾರಂಟಿ. ತಿಂಗಳಿಗೆ 2,400. ಅವರಿಗೆ 84,000 ಕಿ.ಮೀ. ಮೂರು ವರ್ಷದೊಳಗೆ ಮುಗಿಯುತ್ತದೆ, ಆಮೇಲಿನದೆಲ್ಲ ಲಾಭ. ವಾಡಿಯ ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿದ್ದು, ಗೇಟಿನವರೆಗೆ ದಿನಾ ಎರಡು-ಮೂರು ಕಿ.ಮೀ., ವಾರಕ್ಕೊಮ್ಮೆ ಕಲಬುರಗಿ ಎನ್ನುವವರ ಓಟ ತಿಂಗಳಿಗೆ 600 ಆಗಬಹುದು. ಅವರಿಗೆ ಹನ್ನೊಂದು ವರ್ಷ ಮೀರುತ್ತದೆ. ಅಷ್ಟರಲ್ಲಿ ಗಾಡಿಯನ್ನೇ ಮಾರಿರುತ್ತಾರೆ.

ಮಾರುವಾಗ ಡೀಸೆಲ್ ಗಾಡಿಗೆ ನಮ್ಮ ಕಡೆ ಬೆಲೆ ಜಾಸ್ತಿ ಅಲ್ಲವೇ ಎಂದು ಕೇಳುತ್ತೀರಿ. ಹೌದು, ಕೊಟ್ಟ ಹೆಚ್ಚುವರಿಯಲ್ಲಿ ಒಂದಿಷ್ಟು ಹಾಗೆ ಮರಳುತ್ತದೆ. ಆದರೆ ವಾಡಿಯ ಆ ಗಾಡಿಯ ತೊಂದರೆ ರೂಪಾಯಿ ಲೆಕ್ಕದಲ್ಲಿ ಮುಗಿಯುವುದಿಲ್ಲ. ಅದರ ಹೊಗೆಯ ದಾರಿಯಲ್ಲೇ ಇನ್ನೊಂದು ತೊಡಕಿದೆ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು, ಅಂದರೆ ಹೊಗೆಯಲ್ಲಿನ ವಿಷ ತಗ್ಗಿಸುವ ಕಟ್ಟಳೆ. ಅದನ್ನು ಪಾಲಿಸುವ ವೆಚ್ಚ ಬೇಡವೆಂದೇ ಮಾರುತಿ ಆ ವರ್ಷ ಡೀಸೆಲ್ ಕಾರು ಮಾಡುವುದನ್ನು ಬಿಟ್ಟಿತು. ಡೀಸೆಲ್ ಉಳಿಸಿಕೊಂಡ ಕಂಪನಿಗಳು ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಸೋಸುವ ಡಬ್ಬಿ ಕೂರಿಸಿದವು. ಚಹಾ ಸೋಸುವ ಜರಡಿಯಲ್ಲಿ ಪುಡಿ ನಿಲ್ಲುವಂತೆ ಹೊಗೆಯ ಮಸಿ ಇದರಲ್ಲಿ ನಿಲ್ಲುತ್ತದೆ. ಜರಡಿ ತುಂಬುತ್ತಾ ಬಂದಾಗ ಎಂಜಿನ್ ಒಂದಿಷ್ಟು ಹೆಚ್ಚು ಡೀಸೆಲ್ ಚಿಮ್ಮಿಸಿ, ಡಬ್ಬಿಯನ್ನು 600 ಡಿಗ್ರಿಯ ಸುತ್ತ ಕಾಯಿಸಿ, ಮಸಿಯನ್ನು ಸುಟ್ಟುಬಿಡುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ. ಇದು ನಡೆಯಬೇಕಾದರೆ ಗಾಡಿ ಹದಿನೈದು-ಇಪ್ಪತ್ತು ನಿಮಿಷ ಒಂದೇ ಓಟದಲ್ಲಿ ಓಡಬೇಕು. ಮನೆಯಿಂದ ಬಜಾರಿಗೆ, ಬಜಾರಿನಿಂದ ಮನೆಗೆ ಎನ್ನುವ ಗಾಡಿಯಲ್ಲಿ ಡಬ್ಬಿ ಕಾಯುವುದರೊಳಗೆ ಎಂಜಿನ್ ಬಂದ್ ಆಗಿರುತ್ತದೆ. ಮಸಿ ಕೂಡುತ್ತದೆ. ಅರ್ಧಕ್ಕೆ ನಿಂತ ರೀಜನರೇಷನ್‌ನ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಆಯಿಲ್ ತೆಳುವಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಡಬ್ಬಿ ಬದಲಿಸುವ ಖರ್ಚು ಲಕ್ಷದ ಸುತ್ತಮುತ್ತ. ಹಲವು ವರ್ಷಗಳ ಉಳಿತಾಯ ಒಂದೇ ಬಿಲ್ಲಿಗೆ.

ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದರೆ ಗಾಬರಿ ಬೇಡ, ಅಲಕ್ಷ್ಯವೂ ಬೇಡ. ವಾಡಿಯವರಾದರೆ ಕಲಬುರಗಿ ರಸ್ತೆ ಹಿಡಿದು ಗಂಟೆಗೆ ಅರವತ್ತರ ಮೇಲಿನ ವೇಗದಲ್ಲಿ, ಒಂದು ಗೇರ್ ಕೆಳಗಿಟ್ಟು, ಇಪ್ಪತ್ತು ನಿಮಿಷ ಓಡಿಸಿ. ಸಾಮಾನ್ಯವಾಗಿ ದೀಪ ಆರುತ್ತದೆ. ಕೆಲವು ಮಿಸ್ತ್ರಿಗಳು "ಡಬ್ಬಿನೇ ತೆಗೆದುಬಿಡೋಣ್ರಿ" ಎನ್ನುತ್ತಾರೆ. ಒಪ್ಪಬೇಡಿ. ಅದು ಕಾನೂನುಬಾಹಿರ, ವಾರಂಟಿಯೂ ಹೋಗುತ್ತದೆ. ಆಯಿಲ್ ಕೂಡ ಕಂಪನಿ ಪುಸ್ತಕದಲ್ಲಿ ಬರೆದ ದರ್ಜೆಯದೇ ಆಗಬೇಕು. ಸಾದಾ ಆಯಿಲ್ ಉರಿದರೆ ಬೂದಿ ಹೆಚ್ಚು ಉಳಿಯುತ್ತದೆ, ಆ ಬೂದಿ ಎಷ್ಟು ಕಾಯಿಸಿದರೂ ಸುಡುವುದಿಲ್ಲ.

ಕೆಲವು ಮಾದರಿಗಳಿಗೆ ಡಿಇಎಫ್ ಎಂಬ ದ್ರವವನ್ನೂ ಬೇರೆ ಟ್ಯಾಂಕಿಗೆ ತುಂಬಬೇಕು. ಅದು ಶೇ. 32.5 ಯೂರಿಯಾ ಇರುವ ಶುದ್ಧ ನೀರು. ಇದರ ಖರ್ಚು ದೊಡ್ಡದಲ್ಲ, ಕಿಲೋಮೀಟರಿಗೆ ಕೆಲವು ಪೈಸೆ. ಎಚ್ಚರಿಕೆ ಬಂದರೂ ತುಂಬದೆ ಬಿಟ್ಟರೆ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಹೊಲಕ್ಕೆ ತಂದ ಯೂರಿಯಾವನ್ನೇ ನೀರಿಗೆ ಕಲಸಿ ಹಾಕಿದರೆ ನಡೆಯುವುದಿಲ್ಲವೇ? ನಡೆಯುವುದಿಲ್ಲ. ಅದರ ಕಲ್ಮಶಕ್ಕೆ ಒಳಗಿನ ದುಬಾರಿ ಭಾಗ ಕೆಡುತ್ತದೆ.

ಟ್ರ್ಯಾಕ್ಟರಿಗೆಂದು ಬ್ಯಾರಲ್‌ನಲ್ಲಿಟ್ಟ ಡೀಸೆಲ್‌ಗೂ ಇದೇ ಮಾತು. ತೊಗರಿ ರಾಶಿಯ ಹೊತ್ತಿಗೆ ಮನೆಯಲ್ಲಿ ಬ್ಯಾರಲ್ ಇರುವುದು ಸಹಜ, ಹೊರಡುವ ಅವಸರದಲ್ಲಿ ಕಾರಿಗೂ ಐದು ಲೀಟರ್ ಸುರಿಯುವುದೂ ಸಹಜ. ಬ್ಯಾರಲ್ ತಳದಲ್ಲಿ ನೀರು, ತುಕ್ಕು, ಧೂಳು ಇರುತ್ತದೆ. ಹಳೆಯ ಟ್ರ್ಯಾಕ್ಟರ್ ಅದನ್ನು ನುಂಗಿಕೊಂಡೀತು. ಈಗಿನ ಕಾರಿನ ಇಂಜೆಕ್ಟರ್, ಅಂದರೆ ಡೀಸೆಲ್ ಚಿಮ್ಮಿಸುವ ಸೂಜಿಬಾಯಿ, ಬಹಳ ಸಣ್ಣ ರಂಧ್ರದ್ದು. ಒಂದು ಕೆಟ್ಟರೆ ಹತ್ತರಿಂದ ಇಪ್ಪತ್ತೈದು ಸಾವಿರ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಅಂಥವು ನಾಲ್ಕಿರುತ್ತವೆ.

ನಮ್ಮ ಭಾಗದ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಧೂಳು, ಶಹಾಬಾದಿನ ಫರ್ಸಿ ಕಲ್ಲಿನ ಪುಡಿ, ಬೇಸಿಗೆಯ ಕರಿ ಮಣ್ಣು ಎಲ್ಲ ಏರ್ ಫಿಲ್ಟರಿಗೇ ಬರುತ್ತವೆ. ಫಿಲ್ಟರ್ ಕಟ್ಟಿಕೊಂಡರೆ ಡೀಸೆಲ್ ಎಂಜಿನ್ ಮಸಿ ಹೆಚ್ಚು ಉಗುಳುತ್ತದೆ, ಆ ಮಸಿ ಮತ್ತೆ ಡಿಪಿಎಫ್‌ಗೇ ಹೋಗುತ್ತದೆ. ಪುಸ್ತಕದಲ್ಲಿ ಏನೇ ಬರೆದಿರಲಿ, 5,000 ಕಿ.ಮೀ.ಗೊಮ್ಮೆ ತೆಗೆಸಿ ನೋಡಿ. ಕೆಲವು ನೂರು ರೂಪಾಯಿಯ ಕೆಲಸ.

ರಿಪೇರಿಗೆ ಎಲ್ಲಿಗೆ ಹೋಗಬೇಕು ಎನ್ನುವುದನ್ನೂ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಲಾರಿಗಳ ದೆಸೆಯಿಂದ ಡೀಸೆಲ್ ಎಂಜಿನ್ ಬಲ್ಲ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಬಿಎಸ್-6 ಕಾರಿಗೆ ಕೈಯ ಜೊತೆ ಸ್ಕ್ಯಾನರ್ ಬೇಕು, ಎಂಜಿನ್‌ನ ಕಂಪ್ಯೂಟರ್ ಓದುವ ಯಂತ್ರ ಅದು. "ನಿಮ್ಮಲ್ಲಿ ಈ ಕಂಪನಿ ಗಾಡಿಯ ಸ್ಕ್ಯಾನರ್ ಇದೆಯೇ, ಡಿಪಿಎಫ್ ಕ್ಲೀನ್ ಮಾಡುತ್ತೀರಾ?" ಎಂದು ಊರಿನ ಗ್ಯಾರೇಜಿನಲ್ಲಿ ವಿಚಾರಿಸಿ. ಇಲ್ಲ ಎಂದರೆ ಪ್ರತಿ ಸಲ ಕಲಬುರಗಿಗೆ ಓಡಬೇಕು. ಚಿಂಚೋಳಿಯವರಿಗೆ ಅದು ಒಂದು ಪೂರ್ತಿ ದಿನದ ಕೆಲಸ.

ಹೊಸ ಡೀಸೆಲ್ ಕಾರು ಬೇಕೆಂದರೆ ಈಗ ಆಯ್ಕೆ ಇರುವುದು ಮುಖ್ಯವಾಗಿ ಮಹೀಂದ್ರ, ಟಾಟಾ, ಹ್ಯುಂಡೈ, ಕಿಯಾ, ಟೊಯೊಟಾಗಳಲ್ಲಿ. ಕಡಿಮೆ ಓಟದವರಿಗೆ ಪೆಟ್ರೋಲೇ ಸಾಕು ಎಂಬುದು ನನ್ನ ಎಣಿಕೆ. ತಿಂಗಳಿಗೆ ಎರಡು ಸಾವಿರ ಮೀರಿ, ಅದೂ ದೂರದ ಓಟವಿದ್ದರೆ ಕಣ್ಣುಮುಚ್ಚಿ ಡೀಸೆಲ್ ತಗೊಳ್ಳಿ. ನಡುವಿನವರು ಮೇಲಿನ ಲೆಕ್ಕಕ್ಕೆ ತಮ್ಮ ಸಂಖ್ಯೆ ಹಾಕಿ ನೋಡಬೇಕು. ತಾಂಡೂರು, ಹೈದರಾಬಾದ್ ಕಡೆ ಓಡಾಡುವವರು ಗಡಿ ದಾಟುವ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳುವುದು ಒಳ್ಳೆಯದು. ತೆಲಂಗಾಣದಲ್ಲಿ ಎರಡೂ ಇಂಧನ ನಮಗಿಂತ ದುಬಾರಿ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ 2020ರ ಹಿಂದಿನ ಬಿಎಸ್-4 ಸ್ವಿಫ್ಟ್, ಡಿಜೈರ್, ಎರ್ಟಿಗಾ ಡೀಸೆಲ್‌ಗಳು ಇನ್ನೂ ಸಿಗುತ್ತವೆ. ಅವುಗಳಲ್ಲಿ ಡಿಪಿಎಫ್ ಗೊಡವೆ ಇಲ್ಲ, ಬಿಡಿಭಾಗ ಎಲ್ಲೆಡೆ ಸಿಗುತ್ತವೆ, ಮಿಸ್ತ್ರಿಗಳಿಗೂ ಪರಿಚಿತ. ಆದರೆ ಮೀಟರ್ ತಿರುಗಿಸಿದ ಗಾಡಿ ಬೇಕಾದಷ್ಟಿವೆ, ಹಾಗಾಗಿ ಸರ್ವಿಸ್ ದಾಖಲೆ ಕೇಳಿ. ಎಂಜಿನ್ ಚಾಲೂ ಇರುವಾಗ ಆಯಿಲ್ ಮುಚ್ಚಳ ತೆಗೆಸಿ. ಹೊಗೆ ಬುಸುಬುಸು ಬಂದರೆ ಆ ಗಾಡಿ ಬಿಡಿ. ದೆಹಲಿಯ ಅಗ್ಗದ ಡೀಸೆಲ್ ಗಾಡಿಗೆ ಮನಸೋಲುವ ಮುನ್ನ ಅದು ಯಾಕೆ ಅಗ್ಗ ಎಂದು ತಿಳಿದಿರಲಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ 2015ರಲ್ಲೇ ನಿರ್ಬಂಧ ಬಂದಿತ್ತು. ಇಲ್ಲಿ ಹದಿನೈದು ವರ್ಷದವರೆಗೆ ನೋಂದಣಿ ನಡೆಯುತ್ತದೆ ನಿಜ. ಆದರೆ ಎನ್‌ಒಸಿ, ಅಂದರೆ ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರ ತಂದು, ಗಾಡಿಯ ವಯಸ್ಸಿಗೆ ತಕ್ಕ ಆಜೀವ ತೆರಿಗೆ ಇಲ್ಲಿ ಕಟ್ಟಿ, ಕಲಬುರಗಿಯ ಕೆಎ-32 ನಂಬರ್ ಪಡೆಯಬೇಕು. ಹದಿನೈದು ತುಂಬಿದ ಮೇಲೆ ನೋಂದಣಿ ನವೀಕರಣಕ್ಕೆ 2022ರಿಂದ 5,000 ರೂಪಾಯಿ ಶುಲ್ಕವಿದೆ, ಹಸಿರು ತೆರಿಗೆ ಬೇರೆ. ಮುಂಗಡ ಕೊಡುವ ಮೊದಲು ಆರ್‌ಸಿ ಮೇಲಿನ ತಾರೀಕು ನೋಡಿ ಈ ಖರ್ಚನ್ನೂ ಗಾಡಿ ಬೆಲೆಗೆ ಕೂಡಿಸಿ, ಆಮೇಲೆ ಚೌಕಾಸಿಗೆ ಕೂಡಿ.