'ಏಲಿಯನಿ' ಅಂದರೆ ಯಾರು ಸ್ವಾಮಿ?

ಯಾದಗಿರಿಯ ಅಸಿಸ್ಟೆಂಟ್ ಕಮಿಷನರ್ ಕೋರ್ಟಿಂದ ಒಂದು ನೋಟಿಸ್ ಬಂತು ಅಂತಿಟ್ಟುಕೊಳ್ಳಿ. ಬಂದಿದ್ದು ಹತ್ತಿಕುಣಿ ಕಡೆಯ ಒಬ್ಬ ರೈತನಿಗೆ. ಇಪ್ಪತ್ತು ವರ್ಷದ ಹಿಂದೆ ಎರಡು ಎಕರೆ ಕೊಂಡು ತೊಗರಿ, ಹತ್ತಿ ಬೆಳೀತಿದ್ದಾನೆ. ವಕೀಲರು ಕಾಗದ ನೋಡಿ, 'ಇದರಾಗ ನೀವು ಏಲಿಯನಿ' ಅಂತಾರೆ. ಪಾಪ, ಆತನಿಗೆ ಗೊತ್ತಿರೋ ಏಲಿಯನ್ ಸಿನಿಮಾದಲ್ಲಿ ಆಕಾಶದಿಂದ ಇಳಿದು ಬರೋದು!

ನೋಡಿ, ಎರಡೂ ಪದಕ್ಕೆ ಬೇರು ಒಂದೇ. ಲ್ಯಾಟಿನ್‌ನಲ್ಲಿ 'ಇನ್ನೊಬ್ಬರಿಗೆ ಸೇರಿದ್ದು' ಅನ್ನೋ ಅರ್ಥದ ಮಾತು ಅದು. ನಮ್ಮ ಕಂದಾಯ ಇಲಾಖೆ ಅದನ್ನೇ 'ಪರಭಾರೆ' ಅನ್ನುತ್ತೆ. (ನನ್ನ ಕಿವಿಗಂತೂ ಅದು 'ಪರರ ಭಾರ' ಅಂತಲೇ ಕೇಳುತ್ತೆ. ಸರಿಯೋ ತಪ್ಪೋ ಪಂಡಿತರು ನೋಡಿಕೊಳ್ಳಲಿ.) ಪರಭಾರೆ ಮಾಡಿದವನು ಏಲಿಯನರ್, ಪಡೆದವನು ಏಲಿಯನಿ. ಮಾರಾಟ ಒಂದೇ ಅಲ್ಲ, ದಾನ, ಅದಲುಬದಲು, ಅಡಮಾನ, ಗುತ್ತಿಗೆ ಎಲ್ಲಕ್ಕೂ ಇದೇ ಜೋಡಿ. ಇಂಗ್ಲಿಷ್ ಕಾನೂನಿನಲ್ಲಿ ಬಾಲಕ್ಕೆ 'ಈ' ಬಂತು ಅಂದರೆ ಕೈ ಚಾಚಿ ಪಡೆದವನು: ಟ್ರಾನ್ಸ್‌ಫರಿ, ಗ್ರಾಂಟಿ, ಲೆಸ್ಸಿ. ಜನ ಎಡವೋದು ಮಾರ್ಟ್‌ಗೇಜಿಯಲ್ಲಿ. ಹೊಲ ಅಡ ಇಟ್ಟ ರೈತ ಮಾರ್ಟ್‌ಗೇಜರ್, ಮಾರ್ಟ್‌ಗೇಜಿ ಅಂದರೆ ಬ್ಯಾಂಕು. ಸಾಲ ಪಡೆದವನು ರೈತನೇ, ಆದರೆ ಜಮೀನಿನ ಮೇಲೆ ಹಕ್ಕು ಪಡೆದದ್ದು ಬ್ಯಾಂಕು!

ನಮ್ಮ ಹಳೇ ಕ್ರಯಪತ್ರದ ಕನ್ನಡ ಇದಕ್ಕಿಂತ ಪ್ರಾಮಾಣಿಕ. ಅಲ್ಲಿರೋದು 'ಬರೆದುಕೊಟ್ಟವರು' ಮತ್ತು 'ಬರೆಸಿಕೊಂಡವರು'. ಏಲಿಯನಿ ಅಂದರೆ ಸುಮ್ಮನೆ ಕೂತವನಿಗೆ ಏನೋ ಬಂದು ಸೇರಿದ ಹಾಗಿದೆ. ಬರೆಸಿಕೊಂಡವರು ಅಂದರೆ ಹಾಗಲ್ಲ, ಅವರೇ ಮುಂದೆ ನಿಂತು ಬರೆಸಿದ್ದಾರೆ. ಕಾನೂನೂ ಅವರನ್ನು ಹಾಗೇ ನೋಡುತ್ತೆ.

ಹೇಗೆ ಅಂತೀರಾ? 1979ರ ಜನವರಿ 1ರಿಂದ ಜಾರಿಗೆ ಬಂದ ಪಿಟಿಸಿಎಲ್ ಕಾಯ್ದೆ ನೋಡಿ. ಸರ್ಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡೋ ಹಾಗಿಲ್ಲ. ಕಾಯ್ದೆಗೆ ಮುಂಚೆ ಮಂಜೂರಾತಿ ಷರತ್ತು ಮುರಿದು ಮಾರಿದ್ದರೂ ಅದು ಅಸಿಂಧು. ಮಂಜೂರಾದವರಾಗಲಿ ಅವರ ವಾರಸುದಾರರಾಗಲಿ ಅಲ್ಲದವರು ಆ ಹೊಲದಲ್ಲಿದ್ದರೆ, ಅಸಿಂಧು ಪರಭಾರೆಯಿಂದಲೇ ಬಂದದ್ದು ಅಂತ ಕಾಯ್ದೆ ಮೊದಲೇ ಭಾವಿಸಿಬಿಡುತ್ತೆ. ಅಲ್ಲ ಅಂತ ಸಾಬೀತು ಮಾಡೋ ಹೊಣೆ ಏಲಿಯನಿಯದು. ಆತ ಮೂರನೇ ಕೈಯವನಾದರೂ ಅಷ್ಟೇ. ಮಾರಿದವನ ಹತ್ತಿರ ಇಲ್ಲದ ಹಕ್ಕು ಕೊಂಡವನಿಗೆ ಬರೋದಾದರೂ ಎಲ್ಲಿಂದ? 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು.

'ರೊಕ್ಕ ಕೊಟ್ಟೀನ್ರಿ, ನಂದೇನ್ ತಪ್ಪು?' ಅಂತ ರೈತ ಕೇಳ್ತಾನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಕಡೆ ನೋಡಿ: ಮಗಳ ಮದುವೆಗೋ, ಆಸ್ಪತ್ರೆ ಖರ್ಚಿಗೋ ಪುಡಿಗಾಸಿಗೆ ಹೆಬ್ಬೆಟ್ಟು ಒತ್ತಿ, ತನ್ನದೇ ಹೊಲದಲ್ಲಿ ಕೂಲಿಗೆ ಹೋದ ಕುಟುಂಬ ಇದೆ. ಕಾನೂನು ಹುಟ್ಟಿದ್ದು ಅವರಿಗಾಗಿ. ಏಲಿಯನಿ ಎಲ್ಲ ಕಡೆ ದೊಡ್ಡ ಕುಳವೇ ಆಗಿರೋದಿಲ್ಲ, ಕೆಲವೊಮ್ಮೆ ಆತನೂ ಎರಡೆಕರೆಯ ಬಡವ. ಹಾಗಾದಾಗ ಬಡವ ಬಡವನ ಮೇಲೆ ಕೇಸು. ನನಗೆ ಕಸಿವಿಸಿಯಾಗೋದು ಇಲ್ಲೇ.

ಎಷ್ಟು ವರ್ಷದ ಮೇಲೆ ಅರ್ಜಿ ಹಾಕಬಹುದು? ಹೊಡೆದಾಟ ಇರೋದೇ ಇಲ್ಲಿ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಮಂಜಸವಾದ ಅವಧಿಯೊಳಗೇ ಬರಬೇಕು ಅಂದಿತು. ಅದರ ಏಟಿಗೆ ಎಷ್ಟೋ ಅರ್ಜಿ ಬಿದ್ದುಹೋದವು, ದಲಿತ ಸಂಘಟನೆಗಳು ಬೀದಿಗಿಳಿದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು, ಕಾಲಮಿತಿಯೇ ಇಲ್ಲ ಅಂತ ಬರೆಯಿತು. ಆಮೇಲೂ ಹೈಕೋರ್ಟಿನಲ್ಲಿ 'ಕಾಲಮಿತಿ ಬೇರೆ, ವಿಪರೀತ ವಿಳಂಬ ಬೇರೆ' ಅನ್ನೋ ವಾದ ನಡೆದೇ ಇದೆ.

ಹಾಗಾಗಿ ಹೊಲ ಕೊಳ್ಳೋ ಮುಂಚೆ ಪಹಣಿಯ 11ನೇ ಕಲಂ ನೋಡಿ. ಪರಭಾರೆ ನಿಷೇಧ ಅಂತ ಅಲ್ಲಿ ಬರೆದಿಲ್ಲ ಅಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಹಳೇ ಪಹಣಿ, ಮ್ಯುಟೇಶನ್ ತೆಗೆಸಿ. ಆ ಸರ್ವೆ ನಂಬರು ಮೊದಲು ಯಾರಿಗೆ, ಯಾವ ಷರತ್ತಿನ ಮೇಲೆ ಮಂಜೂರಾಗಿತ್ತು ಅಂತ ತಹಶೀಲ್ ಕಚೇರಿಯಲ್ಲಿ ಆದೇಶದ ನಕಲು ಕೇಳಿ. ಅಡ್ವಾನ್ಸ್ ಕೊಡೋ ಮಾತು ಆಮೇಲೆ.