ವರ್ಗಮೂಲದೊಳಗಿನ ಋಣಚಿಹ್ನೆ

1535ರ ಫೆಬ್ರವರಿ. ವೆನಿಸ್‌ನಲ್ಲಿ ಗಣಿತದ ಮೇಷ್ಟ್ರೊಬ್ಬ ನಿದ್ದೆಗೆಟ್ಟು ಕೂತಿದ್ದ. ಹೆಸರು ನಿಕೊಲೊ ತಾರ್ತಾಲ್ಯಾ. ಹುಡುಗನಾಗಿದ್ದಾಗ ಅವನ ಊರು ಬ್ರೆಷಿಯಾಕ್ಕೆ ನುಗ್ಗಿದ ಫ್ರೆಂಚ್ ಸೈನಿಕನೊಬ್ಬನ ಕತ್ತಿ ಅವನ ದವಡೆಯನ್ನು ಸೀಳಿತ್ತು. ಅಂದಿನಿಂದ ಮಾತು ತೊದಲು. ಈಗ ಫಿಯೊರೆ ಎಂಬಾತ ಅವನಿಗೆ ಬಹಿರಂಗ ಪಂಥಾಹ್ವಾನ ಕೊಟ್ಟಿದ್ದ. ಮೂವತ್ತು ಲೆಕ್ಕ, ಮೂವತ್ತೂ ಘನ ಸಮೀಕರಣಗಳೇ. ಅವನ್ನು ಬಿಡಿಸುವ ಗುಟ್ಟು ಫಿಯೊರೆಗೆ ತನ್ನ ಗುರು ಶಿಪಿಯೊನೆ ದೆಲ್ ಫೆರೊನಿಂದ ಬಂದಿತ್ತು. ಗಡುವು ಇನ್ನೇನು ಮುಗಿಯುತ್ತದೆ ಎನ್ನುವಾಗ ತಾರ್ತಾಲ್ಯಾನಿಗೆ ಅದೇ ಗುಟ್ಟು ತಾನಾಗಿ ಹೊಳೆಯಿತು. ಎರಡು ಗಂಟೆಯೊಳಗೆ ಮೂವತ್ತೂ ಲೆಕ್ಕಗಳನ್ನು ಬಿಡಿಸಿ ಎದ್ದ.

ಸುದ್ದಿ ಮಿಲಾನ್‌ಗೆ ಮುಟ್ಟಿತು. ಅಲ್ಲಿದ್ದ ಜಿರೊಲಾಮೊ ಕಾರ್ಡಾನೊ ವೈದ್ಯ, ಜೂಜುಕೋರ, ಜ್ಯೋತಿಷಿ, ಗಣಿತದ ಹುಚ್ಚು ಹಿಡಿದವನು. ಅವನು ತಾರ್ತಾಲ್ಯಾನನ್ನು ಬಿಡದೆ ಬೆನ್ನುಹತ್ತಿದ, ಮನೆಗೆ ಕರೆಸಿಕೊಂಡ, 1539ರ ಮಾರ್ಚ್‌ನಲ್ಲಿ ಯಾರಿಗೂ ಹೇಳುವುದಿಲ್ಲವೆಂದು ಆಣೆಯಿಟ್ಟ. ತಾರ್ತಾಲ್ಯಾ ಕೊನೆಗೂ ಕರಗಿದ. ಸೂತ್ರವನ್ನು ಪದ್ಯದಲ್ಲಿ ಅಡಗಿಸಿ ಕೊಟ್ಟ.

ಸೂತ್ರ ಕೈಗೆ ಬಂದು ಐದು ತಿಂಗಳೂ ಆಗಿರಲಿಲ್ಲ, ಕಾರ್ಡಾನೊ ಒಂದು ಲೆಕ್ಕದಲ್ಲಿ ಸಿಕ್ಕಿಬಿದ್ದ. ಒಂದು ಸಂಖ್ಯೆಯ ಘನ ಅದರ ಒಂಬತ್ತರಷ್ಟಕ್ಕೆ 10 ಕೂಡಿದಷ್ಟಿದೆ. ಆ ಸಂಖ್ಯೆ ಯಾವುದು? ಸೂತ್ರದ ಪ್ರಕಾರ 10ರ ಅರ್ಧದ ವರ್ಗದಿಂದ 9ರ ಮೂರನೇ ಒಂದು ಭಾಗದ ಘನವನ್ನು ಕಳೆದು ವರ್ಗಮೂಲ ತೆಗೆಯಬೇಕು. 25ರಲ್ಲಿ 27 ಕಳೆದರೆ −2. ಅದಕ್ಕೆಲ್ಲಿಯ ವರ್ಗಮೂಲ? ಆದರೆ ಉತ್ತರ ಇಲ್ಲವೆನ್ನುವಂತೆಯೂ ಇರಲಿಲ್ಲ. 3 ಇಟ್ಟರೆ ಘನ ಸಾಲದು, 4 ಇಟ್ಟರೆ ಮೀರುತ್ತದೆ. ಅವೆರಡರ ನಡುವೆ ಎಲ್ಲೋ ಅದು ಇರಲೇಬೇಕು. ಆಗಸ್ಟ್‌ನಲ್ಲಿ ಅವನು ತಾರ್ತಾಲ್ಯಾನಿಗೆ ಕಾಗದ ಬರೆದ. ಅಷ್ಟರಲ್ಲಿ ಗುಟ್ಟು ಬಿಟ್ಟುಕೊಟ್ಟೆನಲ್ಲ ಎಂದು ಕೊರಗುತ್ತಿದ್ದ ತಾರ್ತಾಲ್ಯಾ, ನಿನಗೆ ಸರಿಯಾದ ವಿಧಾನವೇ ಗೊತ್ತಾಗಿಲ್ಲ ಎಂದು ಬೇಕೆಂದೇ ದಾರಿತಪ್ಪಿಸುವ ಉತ್ತರ ಕಳಿಸಿದ.

ಕಾರ್ಡಾನೊನ ಗಲಿಬಿಲಿಗೆ ಕಾರಣವಿತ್ತು. ವರ್ಗ ಸಮೀಕರಣದ ಮಟ್ಟಿಗೆ ಈ ಪ್ರಶ್ನೆ ಏಳುನೂರು ವರ್ಷಗಳ ಹಿಂದೆಯೇ ಇತ್ಯರ್ಥವಾದಂತಿತ್ತು. ಬಾಗ್ದಾದಿನ ಅಲ್ ಖ್ವಾರಿಜ್ಮಿ, ಒಂದು ಸಂಖ್ಯೆಯ ವರ್ಗಕ್ಕೆ 21 ಕೂಡಿದರೆ ಅದರ ಹತ್ತರಷ್ಟಾಗುವ ಲೆಕ್ಕವನ್ನು ತೆಗೆದುಕೊಂಡಿದ್ದ. 10ರ ಅರ್ಧ 5, ಅದರ ವರ್ಗ 25, ಅದರಲ್ಲಿ 21 ಕಳೆದರೆ 4. ಹಾಗಾಗಿ ಉತ್ತರ 3 ಮತ್ತು 7. 21ರ ಜಾಗದಲ್ಲಿ 25 ಇದ್ದಿದ್ದರೆ ಒಂದೇ ಉತ್ತರ, 25ಕ್ಕಿಂತ ಹೆಚ್ಚಿದ್ದರೆ ಲೆಕ್ಕವೇ ಅಸಾಧ್ಯ. ಅದೇ ಶತಮಾನದಲ್ಲಿ, ಮಾನ್ಯಖೇಟದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ, ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ತನ್ನ ಗಣಿತಸಾರಸಂಗ್ರಹದಲ್ಲಿ ಬರೆದಿದ್ದ. ಎಂಥ ಸ್ವಚ್ಛ ತೀರ್ಪು! ಮೂಲದೊಳಗೆ ಋಣ ಬಂತೆಂದರೆ ಉತ್ತರವಿಲ್ಲ. ಘನ ಸಮೀಕರಣದಲ್ಲಿ ಮಾತ್ರ ಅದು ಬಂದೂ ಉತ್ತರವಿತ್ತು.

ಕಾರ್ಡಾನೊ ಬಿಡಲಿಲ್ಲ. 1543ರಲ್ಲಿ ಶಿಷ್ಯ ಫೆರಾರಿಯೊಂದಿಗೆ ಬೊಲೊನ್ಯಕ್ಕೆ ಹೋಗಿ ದೆಲ್ ಫೆರೊನ ಹಸ್ತಪ್ರತಿಯನ್ನು ಕಣ್ಣಾರೆ ಕಂಡ. ತಾರ್ತಾಲ್ಯಾನಿಗಿಂತ ಮೊದಲೇ ಇನ್ನೊಬ್ಬ ಕಂಡುಕೊಂಡಿದ್ದ ಮೇಲೆ ಆಣೆಯ ಹಂಗು ತನಗಿಲ್ಲವೆಂದುಕೊಂಡ. ಎರಡು ವರ್ಷಕ್ಕೆ ‘ಆರ್ಸ್ ಮಾಗ್ನಾ’ ಅಚ್ಚಾಯಿತು. ತಾರ್ತಾಲ್ಯಾ ಸಾಯುವವರೆಗೂ ಅದನ್ನು ಕ್ಷಮಿಸಲಿಲ್ಲ. ಆ ಪುಸ್ತಕದಲ್ಲಿ ಕಾರ್ಡಾನೊ ಒಂದು ವಿಚಿತ್ರ ಸಾಹಸಕ್ಕೆ ಕೈಹಾಕಿದ್ದ. 10ನ್ನು ಎರಡು ಪಾಲು ಮಾಡಬೇಕು, ಪಾಲುಗಳ ಗುಣಲಬ್ಧ 40 ಆಗಬೇಕು. ಆಗದ ಮಾತು ಎಂದು ಅವನೇ ಒಪ್ಪಿಕೊಂಡ. ಆದರೂ ಮನಸ್ಸಿನ ಯಾತನೆಯನ್ನು ಬದಿಗಿಟ್ಟು 5ಕ್ಕೆ √−15 ಕೂಡಿದ, 5ರಲ್ಲಿ √−15 ಕಳೆದ, ಎರಡನ್ನೂ ಗುಣಿಸಿ ನೋಡಿದ. ಸರಿಯಾಗಿ 40 ಬಂತು! ಸೂಕ್ಷ್ಮವೇನೋ ಹೌದು, ಉಪಯೋಗವಿಲ್ಲ ಎಂದು ಅಲ್ಲಿಗೇ ಕೈಬಿಟ್ಟ. ಬಾಗಿಲವರೆಗೆ ಬಂದು ಹಿಂತಿರುಗಿದವನು ಅವನು.

ಒಳಗೆ ಕಾಲಿಟ್ಟವನು ರಫಾಯೆಲ್ ಬೊಂಬೆಲ್ಲಿ, ಕಿಯಾನಾ ಕಣಿವೆಯ ಜೌಗುನೆಲದಿಂದ ನೀರು ಬಸಿಯುವ ಕೆಲಸದಲ್ಲಿದ್ದ ಎಂಜಿನಿಯರ್. ನಡುವೆ ಕೆಲಸ ನಿಂತುಹೋಯಿತು. ಆ ಬಿಡುವಿನಲ್ಲಿ ಅವನು ಬೀಜಗಣಿತ ಬರೆಯತೊಡಗಿದ. ಅವನೆದುರು ಇದ್ದ ಲೆಕ್ಕದಲ್ಲಿ ಘನವು ಸಂಖ್ಯೆಯ ಹದಿನೈದರಷ್ಟಕ್ಕೆ 4 ಕೂಡಿದಷ್ಟಿತ್ತು. ಉತ್ತರ 4 ಎಂದು ಯಾರೂ ಹೇಳಬಹುದು: 64 ಎಂದರೆ 60ಕ್ಕೆ 4. ಸೂತ್ರ ಮಾತ್ರ √−121ರಲ್ಲಿ ನಿಂತುಬಿಡುತ್ತಿತ್ತು. ಬೊಂಬೆಲ್ಲಿ ಹೆದರದೆ ಋಣದ ವರ್ಗಮೂಲಗಳಿಗೆ ಕೂಡುವ, ಗುಣಿಸುವ ನಿಯಮ ಬರೆದ. 2 + √−121ರ ಘನಮೂಲ 2 + √−1 ಎಂದು ಕಂಡ. ಅದರ ಜೋಡಿಯ ಘನಮೂಲ 2 − √−1. ಎರಡನ್ನೂ ಕೂಡಿದಾಗ ಅಸಾಧ್ಯವೆಲ್ಲ ಕಳೆದುಹೋಗಿ 4 ಉಳಿಯಿತು. ಪುಸ್ತಕ 1572ರಲ್ಲಿ ಹೊರಬಂತು.

ಆದರೂ ಒಂದೇ ಚಿಹ್ನೆ ಒಂದೆಡೆ ‘ಇಲ್ಲ’ ಎನ್ನುವುದೇಕೆ, ಇನ್ನೊಂದೆಡೆ ‘ಇದೆ’ ಎನ್ನುವುದೇಕೆ ಎಂಬುದು ತಿಳಿಯಾಗಲು ಬಹಳ ಕಾಲ ಹಿಡಿಯಿತು. ಸೂತ್ರವನ್ನು ಬಿಟ್ಟು ಮೂಲಗಳ ನಡುವಿನ ಅಂತರವನ್ನು ನೋಡಬೇಕಿತ್ತು. ಆ ಅಂತರಗಳಿಂದ ಹುಟ್ಟುವ ರಾಶಿಗೆ 1851ರಲ್ಲಿ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಹೆಸರಿಟ್ಟ. ಕನ್ನಡದ ಶಾಲಾಪುಸ್ತಕಗಳಲ್ಲಿ ಅದೇ ‘ಶೋಧಕ’. ಯೆಹೂದ್ಯನಾದ್ದರಿಂದ ಕೇಂಬ್ರಿಜ್ ಅವನಿಗೆ ಪದವಿ ಕೊಟ್ಟಿರಲಿಲ್ಲ. ಆಗ ಅವನು ಲಂಡನ್ನಿನ ವಿಮಾ ಕಂಪನಿಯೊಂದರ ಲೆಕ್ಕ ನೋಡಿಕೊಂಡು ಬದುಕುತ್ತಿದ್ದ.

ವರ್ಗ ಸಮೀಕರಣದ ಎರಡು ಮೂಲಗಳ ಅಂತರವನ್ನು ವರ್ಗ ಮಾಡಿ, ಮೊದಲ ಸಹಗುಣಕದ ವರ್ಗದಿಂದ ಗುಣಿಸಿದರೆ ಬರುವುದೇ ಬಿ² − 4ಎಸಿ. ಮೂಲಗಳು ವಾಸ್ತವವೂ ಬೇರೆಬೇರೆಯೂ ಆಗಿದ್ದರೆ ಅದು ಧನ. ಒಂದೇ ಆಗಿದ್ದರೆ ಸೊನ್ನೆ. ಕಾರ್ಡಾನೊನ ಎರಡು ಪಾಲುಗಳ ಅಂತರ 2√−15, ವರ್ಗ −60. 100ರಲ್ಲಿ 160 ಕಳೆದರೂ ಅದೇ. ಘನ ಸಮೀಕರಣಕ್ಕೆ ಮೂಲಗಳು ಮೂರು, ಅಂತರಗಳೂ ಮೂರು. ಅವುಗಳ ವರ್ಗಗಳನ್ನು ಒಟ್ಟಿಗೆ ಗುಣಿಸಬೇಕು. ಬೊಂಬೆಲ್ಲಿಯ ಲೆಕ್ಕದ ಮೂಲಗಳು 4, −2 + √3, −2 − √3, ಮೂರೂ ವಾಸ್ತವ. ಶೋಧಕ 13,068, ಅದು ಧನವೇ. ಹಳೆಯ ಸೂತ್ರದ ವರ್ಗಮೂಲದೊಳಗೆ ಕೂರುತ್ತಿದ್ದದ್ದು ಈ ಶೋಧಕವನ್ನು −108ರಿಂದ ಭಾಗಿಸಿದ ಸಂಖ್ಯೆ: −121.