ಭಾರದ ಗಾಡಿಗೆ ಹಗುರದ ಉಪಾಯ

ಬುಲೆಟ್ ಮೋಟಾರು ಸೈಕಲ್ಲೆಂದರೆ ಗಟ್ಟಿಮುಟ್ಟಾದ ಆಳಿನ ವಾಹನವೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಆಳು ಆರಡಿ ಇರಬೇಕು, ತೋಳು ತೊಲೆಯಂತಿರಬೇಕು, ಮಂಡಿಯಲ್ಲಿ ನೋವಿರಬಾರದು. ಇಲ್ಲವಾದರೆ ಸ್ಕೂಟರೇ ಗತಿ ಎನ್ನುವವರು ಬಹಳ. ಆದರೆ ಹೊರನಾಡಿನ ನಮ್ಮ ಕನ್ನಡ ಕುಟುಂಬಗಳಲ್ಲಿ, ಉದ್ಯೋಗವನ್ನರಸಿ ಬಂದ ಹೊಸತರಲ್ಲಿ ಕೊಂಡ ಗಾಡಿಯನ್ನು ಇಂದಿಗೂ ಬಿಡದ ಹಿರಿಯರಿದ್ದಾರೆ. ಗಾಡಿ ಇನ್ನೂ ಗಟ್ಟಿಯಾಗಿಯೇ ಇದೆ, ಸವೆದಿರುವುದು ಅವರ ಮಂಡಿ. "ಸಾಕು ಅಪ್ಪಾ, ಮಾರಿಬಿಡಿ" ಎಂದು ಮಕ್ಕಳು, "ಸಂತೆಗೆ ಹೋಗುವುದಕ್ಕೂ ನಿಮ್ಮ ದಾರಿ ಕಾಯಲೆ?" ಎಂದು ತಂದೆ. ಈ ವಾದದಲ್ಲಿ ಎರಡು ಪಕ್ಷಕ್ಕೂ ಅರ್ಧರ್ಧ ನ್ಯಾಯವುಂಟು. ಆದುದರಿಂದ ವಿಷಯವನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಮೇಲು.

ಇಂದಿನ ೩೫೦ ಸಿ.ಸಿ. ಬುಲೆಟ್ಟಿನ ತೂಕ ೧೯೫ ಕಿಲೋ. ಎಂದರೆ ೨೫ ಕಿಲೋ ಅಕ್ಕಿಯ ಚೀಲಗಳು ಹತ್ತಿರ ಹತ್ತಿರ ಎಂಟು. ಇದನ್ನು ಯಾವ ಪೈಲವಾನನೂ ತೋಳಿನಲ್ಲಿ ಹೊರುವುದಿಲ್ಲ. ನೆಟ್ಟಗೆ ನಿಂತಿರುವಾಗ ಹೊರುವವು ಚಕ್ರಗಳೇ. ನಮ್ಮ ಪಾಲಿಗೆ ಭಾರ ಬರುವುದು ಗಾಡಿ ವಾಲಿದಾಗ ಮಾತ್ರ. ಗಾಡಿಯ ಭಾರಕೇಂದ್ರ ನೆಲದಿಂದ ಅರ್ಧ ಮೀಟರು, ಹ್ಯಾಂಡಲು ಒಂದು ಮೀಟರು ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ೫ ಡಿಗ್ರಿ ವಾಲಿದರೆ ಹ್ಯಾಂಡಲು ಹಿಡಿದವನ ಕೈಗೆ ಬರುವುದು ಸುಮಾರು ೮ ಕಿಲೋ. ೨೦ ಡಿಗ್ರಿ ವಾಲಿದರೆ ಅದೇ ೩೩ ಕಿಲೋ. ಇಷ್ಟು ತಿಳಿದರೆ ಅರ್ಧ ವಿದ್ಯೆ ಕೈವಶವಾದಂತೆ. ವಾಲುವುದಕ್ಕೆ ಮೊದಲೇ ತಡೆಯಬೇಕು, ವಾಲಿದ ಮೇಲೆ ಹೆಣಗಬಾರದು. ನಿಜವಾಗಿ ಬೀಳತೊಡಗಿದ ಗಾಡಿಯನ್ನು ಬಿಟ್ಟು ಹಿಂದೆ ಸರಿಯುವುದೇ ಜಾಣತನ. ಬಗ್ಗಿದ ಲಿವರಿಗೆ ಬದಲು ಅಂಗಡಿಯಲ್ಲಿ ಸಿಗುತ್ತದೆ. ಮುರಿದ ಕಾಲಿಗೆ ಸಿಗುವುದಿಲ್ಲ.

ನಿಲ್ಲಿಸುವ ಕ್ರಮ

ಗಾಡಿಯನ್ನು ತಳ್ಳುವಾಗ ಅದರ ಎಡಗಡೆ ನಿಂತು, ತುಸು ತನ್ನ ಸೊಂಟದ ಕಡೆಗೆ ಒರಗಿಸಿಕೊಂಡು, ಬಲಗೈಯ ಬೆರಳುಗಳನ್ನು ಮುಂದಿನ ಬ್ರೇಕಿನ ಮೇಲಿಟ್ಟು ನಡೆಯಬೇಕು. ಆಚೆಯ ಕಡೆಗೆ ವಾಲಿದರೆ ಹಿಡಿಯುವವರಿಲ್ಲ. ಸವಾರಿಯಲ್ಲಿ ನಿಧಾನವಾಗಿ ತಿರುಗುವಾಗ, ಹ್ಯಾಂಡಲು ಓರೆಯಾಗಿರುವಂತೆಯೇ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಗಾಡಿ ಪಕ್ಕಕ್ಕೆ ಬೀಳುತ್ತದೆ. ಆ ಹೊತ್ತಿನಲ್ಲಿ ಹಿಂದಿನ ಬ್ರೇಕೇ ಸಾಕು.

ಕುಳ್ಳಗಿರುವವರು ಎರಡು ಕಾಲಿನ ತುದಿಬೆರಳುಗಳನ್ನು ಊರಲು ಒದ್ದಾಡುವುದುಂಟು. ಸೀಟಿನ ಮೇಲೆ ಸ್ವಲ್ಪ ಎಡಕ್ಕೆ ಸರಿದು ಒಂದೇ ಪಾದವನ್ನು ಪೂರ್ತಿಯಾಗಿ ಊರುವುದು ಅದಕ್ಕಿಂತ ಭದ್ರ. ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುವುದರಿಂದ ಎಡಗಾಲಿಗೆ ನೆಲ ದೂರವಾಗುತ್ತದೆ. ನಿಲ್ಲುವ ಮೊದಲೇ ಕಾಲೂರುವ ಸ್ಥಳವನ್ನು ನೋಡಿಟ್ಟುಕೊಳ್ಳಬೇಕು. ಸೀಟಿನ ಸ್ಪಂಜನ್ನು ಒಂದಂಗುಲ ಕೊರೆಸುವುದೂ ಒಂದು ದಾರಿ.

ಇಳಿಜಾರಿನಲ್ಲಿ ಗೋಡೆಗೆ ಮುಖಮಾಡಿ ನಿಲ್ಲಿಸಿದರೆ, ಹೊರಡುವಾಗ ೧೯೫ ಕಿಲೋವನ್ನು ಹಿಂದಕ್ಕೆ ಏರಿಸಬೇಕಾಗುತ್ತದೆ. ಮೊದಲೇ ತಿರುಗಿಸಿ, ಹಿಂಚಕ್ರ ಗೋಡೆಯ ಕಡೆಗಿರುವಂತೆ ಇಳಿಸಿ, ಮೊದಲನೆಯ ಗೇರಿನಲ್ಲಿ ನಿಲ್ಲಿಸಿದರೆ ಏರುವ ಕೆಲಸವನ್ನು ಎಂಜಿನು ಮಾಡುತ್ತದೆ.

ನಡುವಿನ ಸ್ಟ್ಯಾಂಡು ಹಾಕುವಾಗ ಸೊಂಟ ಹಿಡಿಯುವುದು ಕೈಯಿಂದ ಎತ್ತುವವರಿಗೆ. ಸ್ಟ್ಯಾಂಡಿನ ಎರಡು ಕಾಲೂ ನೆಲ ಮುಟ್ಟುವವರೆಗೆ ಪಾದದಿಂದ ಒತ್ತಿ, ಆಮೇಲೆ ಮೈಯ ಭಾರವನ್ನೆಲ್ಲ ಆ ಪಾದದ ಮೇಲೆ ಬಿಡಬೇಕು. ಕೈ ಬರೀ ದಾರಿ ತೋರಿಸಿದರೆ ಸಾಕು. ಅದೂ ಕಷ್ಟವಾದವರು ಅರ್ಧ ಅಂಗುಲ ದಪ್ಪದ ಕಿರಿದಾದ ಹಲಗೆಯೊಂದನ್ನು ಹಿಂಚಕ್ರದ ಕೆಳಗಿಡಲಿ. ಎತ್ತಬೇಕಾದ ಎತ್ತರ ಅಷ್ಟು ಕಡಿಮೆಯಾಗುತ್ತದೆ.

ಬಿದ್ದ ಗಾಡಿಯನ್ನು ಎತ್ತುವುದಕ್ಕೆ ಮುಂಚೆ ಎಂಜಿನು ನಿಲ್ಲಿಸಿ, ಹಳೆಯ ಗಾಡಿಯಾದರೆ ಪೆಟ್ರೋಲು ನಲ್ಲಿ ಮುಚ್ಚಿ, ಗೇರಿನಲ್ಲಿಡಬೇಕು. ಬಲಕ್ಕೆ ಬಿದ್ದಿದ್ದರೆ ಪಕ್ಕದ ಸ್ಟ್ಯಾಂಡನ್ನು ಮೊದಲೇ ಬಿಡಿಸಿಡಬೇಕು. ಬಳಿಕ ಗಾಡಿಗೆ ಬೆನ್ನು ಮಾಡಿ, ಸೀಟಿನಂಚಿಗೆ ಆನಿಕೊಂಡು, ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಬೆನ್ನು ನೆಟ್ಟಗಿರಿಸಿ ತೊಡೆಯ ಬಲದಿಂದ ಹಿಂದಕ್ಕೆ ಪುಟ್ಟ ಹೆಜ್ಜೆ ಹಾಕಬೇಕು. ಬೆನ್ನು, ಮಂಡಿ, ಎದೆಯ ತೊಂದರೆ ಇದ್ದವರು ಇದಕ್ಕೆ ಕೈಹಾಕದೆ ಇಬ್ಬರನ್ನು ಕರೆಯಲಿ. ಕರೆಯುವುದರಲ್ಲಿ ಅವಮಾನವೇನೂ ಇಲ್ಲ.

ಒದೆಯುವ ವಿದ್ಯೆ

ಎನ್‌ಫೀಲ್ಡ್ ಇಂಡಿಯಾ ಸಂಸ್ಥೆ ಮದರಾಸಿನಲ್ಲಿ ಹುಟ್ಟಿದ್ದು ೧೯೫೫ರಲ್ಲಿ. ಅದರ ಹಳೆಯ ಬುಲೆಟ್ಟುಗಳನ್ನು ಒದ್ದೇ ಎಬ್ಬಿಸಬೇಕು. ಆದರೆ ಅದಕ್ಕೆ ಬೇಕಾದದ್ದು ತಾಳ್ಮೆ. ಕೀಲಿ ತಿರುಗಿಸಿ, ಆಂಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕನ್ನು ಮೆಲ್ಲನೆ ಒತ್ತಿ. ಡಿಕಂಪ್ರೆಸರ್ ಹಿಡಿದು ಇನ್ನೂ ಒಂದಿಷ್ಟು ಸರಿಸಿ. ಬಿಟ್ಟು ಕಿಕ್ಕನ್ನು ಮೇಲಕ್ಕೆ ಬರಗೊಡಿಸಿ. ಆಮೇಲೆ ಮಂಡಿಯನ್ನು ತುಸು ಮಡಿಸಿಯೇ ಇಟ್ಟುಕೊಂಡು ಮೈಭಾರದಿಂದ ಒಂದೇ ಉದ್ದನೆಯ ಒದೆ. ಈ ಕ್ರಮ ಬಿಟ್ಟು ಹತ್ತು ಸಲ ಒದ್ದವನ ಮಂಡಿ ಉಳಿಯದು.

೧೯೬೧ರಿಂದ ೧೯೯೬ರವರೆಗೆ ನಡೆದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಜಾವಾ ಗಾಡಿಗಳಲ್ಲಿ ಬೇರೊಂದು ಸೊಗಸುಂಟು. ಅದರಲ್ಲಿ ಗೇರಿನ ಲಿವರೇ ಕಿಕ್ಕು; ಮೇಲಾಗಿ ಆ ಲಿವರನ್ನು ಒತ್ತಿದೊಡನೆ ಕ್ಲಚ್ಚು ತಾನಾಗಿ ಬಿಡುತ್ತದೆ. ಎಡಗೈಯ ಹಿಡಿತ ಕುಂದಿದವರಿಗೆ ಇದು ದೊಡ್ಡ ಉಪಕಾರ. ಇಂದಿನ ಗಾಡಿಗಳಲ್ಲಂತೂ ಗುಂಡಿ ಒತ್ತಿದರೆ ಮುಗಿಯಿತು.

ಆರೈಕೆ

ಶಕ್ತಿ ಕಡಿಮೆಯಿದ್ದವರ ಗಾಡಿಗೆ ಆರೈಕೆ ಹೆಚ್ಚು ಬೇಕು. ಏಕೆಂದರೆ ಅಲಕ್ಷ್ಯವೂ ಒಂದು ತೂಕವೇ. ಟೈರಿನಲ್ಲಿ ಗಾಳಿ ಕಡಿಮೆಯಾದರೆ ತಳ್ಳುವುದೂ ತಿರುಗಿಸುವುದೂ ಭಾರ. ಒಣಗಿದ ಕ್ಲಚ್ಚು ಕೇಬಲ್ಲು ಬೆರಳುಗಳನ್ನು ಸೋಲಿಸುತ್ತದೆ. ಅದಕ್ಕೆ ಎಣ್ಣೆ ಬಿಟ್ಟು, ಲಿವರಿನಲ್ಲಿ ೨–೩ ಮಿಲಿಮೀಟರು ಸಡಿಲವಿರಿಸಬೇಕು. ಸ್ಟ್ಯಾಂಡಿನ ಕೀಲಿಗೆ ಗ್ರೀಸು, ಚೈನಿಗೆ ಎಣ್ಣೆ, ಎಂಜಿನು ಎಣ್ಣೆಯ ಮಟ್ಟ ಇವನ್ನು ಭಾನುವಾರ ಬೆಳಿಗ್ಗೆ ಗಿಡ್ಡ ಸ್ಟೂಲಿನ ಮೇಲೆ ಕೂತು ಅರ್ಧ ಗಂಟೆಯಲ್ಲಿ ನೋಡಬಹುದು. ಕಣ್ಣು ಕಿವಿಗಳ ಕೆಲಸ ಮನೆಯಲ್ಲಿ, ತೋಳಿನ ಕೆಲಸ ಮೆಕ್ಯಾನಿಕನಲ್ಲಿ: ಇದೇ ಸರಿಯಾದ ವಿಭಾಗ. ತಾರೀಖು ಹಾಕಿ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಇನ್ನೂ ಲೇಸು.

ಎಲ್ಲಿ ನಿಲ್ಲಬೇಕು

ಯಾವ ಉಪಾಯವೂ ಸಾಲದ ಸ್ಥಿತಿಗಳೂ ಉಂಟು. ಪದೇಪದೇ ತಲೆ ಸುತ್ತುವವರು, ಮೂರ್ಛೆ ಬರುವವರು, ಸಕ್ಕರೆ ರೋಗದಿಂದ ಪಾದ ಮರಗಟ್ಟಿ ಬ್ರೇಕಿನ ಸ್ಪರ್ಶವೇ ತಿಳಿಯದವರು ವೈದ್ಯರನ್ನು ಕೇಳದೆ ಗಾಡಿ ಮುಟ್ಟಕೂಡದು. ಅಂಗವೈಕಲ್ಯವಿರುವವರಿಗಾಗಿ ವಾಹನವನ್ನು ಮಾರ್ಪಡಿಸಲು ೧೯೮೮ರ ಮೋಟಾರು ವಾಹನ ಕಾಯಿದೆಯಲ್ಲಿ ಅವಕಾಶವಿದೆ. ಪಕ್ಕದ ಚಕ್ರ ಜೋಡಿಸುವವರು ಮೊದಲು ಸಾರಿಗೆ ಕಚೇರಿಯ ಅನುಮತಿ ಪಡೆದು, ನೋಂದಣಿ ಪತ್ರದಲ್ಲಿ ಬರೆಸಿಕೊಳ್ಳಬೇಕು.

ಉಳಿದವರಿಗೆ ಒಂದು ಸರಳ ಪರೀಕ್ಷೆ. ಸಮನೆಲದಲ್ಲಿ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಹತ್ತು ಹೆಜ್ಜೆ ತಳ್ಳಿ, ನಿಲ್ಲಿಸಿ, ಮತ್ತೆ ಸ್ಟ್ಯಾಂಡಿಗೇರಿಸಬೇಕು. ಮಗನೋ ಮಗಳೋ ಆಚೆಯ ಮಗ್ಗುಲಲ್ಲಿ ನಿಂತಿರಲಿ, ಬೀಳುವಂತಾದರೆ ಹೊರತು ಮುಟ್ಟದಿರಲಿ. ತಂದೆ ಗೆದ್ದರೆ ಮಕ್ಕಳು ಮೂರು ತಿಂಗಳು ಮಾರುವ ಮಾತೆತ್ತಬಾರದು. ಸೋತರೆ ತಂದೆಯೇ ಕೀಲಿ ಕೊಡಬೇಕು. ನಮ್ಮ ಪತ್ರಿಕೆ ಮೂರು ತಿಂಗಳಿಗೊಮ್ಮೆ ಮನೆಗೆ ಬರುತ್ತದೆಯಷ್ಟೆ. ಅದು ಬಂದ ದಿನವೇ ಈ ಪರೀಕ್ಷೆಯನ್ನೂ ಇಟ್ಟುಕೊಂಡರೆ ಯಾರೂ ಮರೆಯುವ ಭಯವಿಲ್ಲ.